ಅಡಿಗಲ್ಲಿನ ತೂಕ

ನಮ್ಮ ಕಣಿವೆಯಲ್ಲಿ ಮೊದಲು ಕೇಳುವುದು ಹೆಸರಲ್ಲ,
ಅಂಗಳದಲ್ಲಿ ನಿಂತದ್ದು ಯಾವುದು ಎಂದು.

ನಮ್ಮಪ್ಪ ಆರಿನ್ ಟ್ವೆಯ್ಟ್ ಶೆವಿಯವನು.
ಅವನಪ್ಪನೂ ಶೆವಿ. ಸತ್ತಾಗ
ಗೋರಿಕಲ್ಲಿನ ಮೂಲೆಯಲ್ಲಿ,
ಶಿಲುಬೆಗಿಂತ ಚೂರೇ ಚಿಕ್ಕದಾಗಿ,
ಬೋ ಟೈ ಗುರುತು ಕೆತ್ತಿಸಿದರು.
ಪಾದ್ರಿ ಏನೂ ಅನ್ನಲಿಲ್ಲ,
ಅವನೂ ಶೆವಿಯವನೇ.

ಸೇರಿದ ಮನೆ ಫೋರ್ಡು.
ಮದುವೆಯ ದಿನ ಮಾವ ಕೈಗಿಟ್ಟದ್ದು ಬಂಗಾರವಲ್ಲ,
ನೀಲಿ ಬಿಲ್ಲೆ ನೇತಾಡುವ ಕೀಲಿ.
‘ಇನ್ನು ನೀನು ನಮ್ಮವಳು’ ಅಂದ.
ಮೂವತ್ತೊಂದು ವರ್ಷ ಓಡಿಸಿದೆ.
ತವರಿಗೆ ಹೋದಾಗಲೆಲ್ಲ ಅಪ್ಪ
‘ಕೊಟ್ಟಿಗೆ ಹಿಂದೆ ನಿಲ್ಲಿಸು’ ಅನ್ನುತ್ತಿದ್ದ,
ದಾರಿಹೋಕರ ಕಣ್ಣಿಗೆ ಬೀಳದ ಹಾಗೆ.

ಲೈಲ್ ಬಿಟ್ಟು ಹೋದ. ಜಗಳವೇನೂ ಇರಲಿಲ್ಲ,
ಬಿಲ್ಲಿಂಗ್ಸಿನಲ್ಲೊಬ್ಬಳು ಹಲ್ಲಿನ ಡಾಕ್ಟರು ಇದ್ದಳು, ಅಷ್ಟೆ.
ಟ್ರಕ್ಕು ಅವನ ಹೆಸರಿನದು, ಅವನೊಡನೆ ಹೋಯಿತು,
ಡ್ಯಾಶಿನ ಮೇಲಿದ್ದ
ನನ್ನ ಓದುವ ಕನ್ನಡಕ ಸಮೇತ.

ಈಗ, ಐವತ್ತೆಂಟಕ್ಕೆ,
ನನ್ನ ಹೆಸರಿನ ಮೊದಲ ಸಾಲ.

ಊರಿಗೆ ಊರೇ ಬುದ್ಧಿ ಹೇಳಿತು.
‘ಮನೆಗೆ ಬಾ ಅಕ್ಕ’ ಅಂದ ತಮ್ಮ ಕಾರ್ಸ್ಟನ್.
ಮನೆ ಅಂದರೆ ಶೆವಿ.
ಎಂಬತ್ತಾರರ ಅತ್ತೆ ಫೋನು ಮಾಡಿದಳು:
‘ವೆರ್ಲೀನ್, ಅವನು ಹೋದರೆ ಹೋದ,
ಫೋರ್ಡು ಏನು ತಪ್ಪು ಮಾಡಿತ್ತೇ?’
ಮೇವಿನಂಗಡಿಯ ವೆಂಡೆಲ್ ಸೊಂಟ ಹಿಡಿದುಕೊಂಡೇ
ರ‍್ಯಾಮಿನ ಗುಣಗಾನ ಮಾಡಿದ: ಟಗರಿನ ತಲೆ,
ಹಾಸಿಗೆಯಂಥ ಸ್ಪ್ರಿಂಗು.
ಟೊಯೋಟಾ ಎಂದ ಶಾಲೆಯ ಮೇಷ್ಟ್ರ ಕಡೆ
ಯಾರೂ ತಿರುಗಲಿಲ್ಲ. ಹೊಸಬ, ಪಾಪ,
ಊರಿಗೆ ಬಂದು ಹತ್ತೊಂಬತ್ತೇ ವರ್ಷ.

ನಾನು ಲಾಳ ಕಟ್ಟುವವಳು.
ಕುದುರೆಯ ಹಲ್ಲು ನೋಡಿ ಬೆಲೆ ಕಟ್ಟುವವರು ಬೇರೆ,
ನಾನು ಕಾಲೆತ್ತಿ ನೋಡುವವಳು.
ಶನಿವಾರ ಎರವಲು ವ್ಯಾನಿನಲ್ಲಿ ಅಡಿಗಲ್ಲು ಹೇರಿಕೊಂಡು
(ನೂರ ಇಪ್ಪತ್ತೈದು ಪೌಂಡು)
ಲೂಯಿಸ್ಟೌನಿನ ಮೂರು ಮಳಿಗೆಗೂ ಹೋದೆ.

ಬೂಟು ಹೊಳೆಯುವ ಹುಡುಗರು
ಬಿಸಿಯಾಗುವ ಸೀಟು ತೋರಿಸಿದರು,
ಚರ್ಮದ ಹೊಲಿಗೆ, ಹದಿನಾಲ್ಕು ಇಂಚಿನ ಪರದೆ,
ಎಷ್ಟು ಟನ್ನು ಎಳೆಯುತ್ತೆಂಬ ಲೆಕ್ಕ.
ಯಾರ ಮನೆಯ ಹೆಣ್ಣೆಂದೂ ಕೇಳಿದರು.
ನಾನು ಹಿಂಬಾಗಿಲು ಇಳಿಸಿ
ಅಡಿಗಲ್ಲು ಎತ್ತಿದೆ.
ಒಂದು ಎದೆಯೆತ್ತರ.
ಇನ್ನೊಂದು ಅದಕ್ಕೂ ಎರಡು ಬೆರಳು ಮೇಲೆ.
ಮೂರನೆಯದರಲ್ಲಿ ಹುಡುಗ ಓಡಿಬಂದು ಕೈ ಕೊಟ್ಟ.
ಕೈ ಕೊಡಬೇಡ ಮಗಾ ಅಂದೆ,
ಕುದುರೆ ಲಾಯದಲ್ಲಿ ನೀನಿರುವುದಿಲ್ಲ.

ಎಲ್ಲವೂ ಎತ್ತರ. ಎಲ್ಲವೂ
ನಾನು ಕಾಣದ ಯಾವನೋ ಆರೂವರೆ ಅಡಿಯ ಗಂಡಸಿಗೆ
ಅಳತೆ ಕೊಟ್ಟು ಹೊಲಿಸಿದ ಅಂಗಿಗಳು.

ವಾಪಸು ಬರುವಾಗ ಕೌಂಟಿಯ ಹರಾಜಿನಂಗಳ.
ಬಿಳಿ, ಹದಿನೇಳು ವರ್ಷದ್ದು,
ರಸ್ತೆ ಇಲಾಖೆಯವರು ಉಪ್ಪು ಚೆಲ್ಲುತ್ತಿದ್ದದ್ದು.
ಕಿಟಕಿ ಕೈಯಲ್ಲೇ ತಿರುಗಿಸಬೇಕು.
ಎಂಟಡಿ ಬೆನ್ನು. ಹಿಂಬಾಗಿಲು ಇಳಿಸಿದರೆ
ಸೊಂಟಕ್ಕೆ ಸರಿ.
ಅಡಿಗಲ್ಲು ತಾನಾಗಿ ಜಾರಿ ಒಳಗೆ ಕೂತಿತು,
ಎಷ್ಟೋ ದಿನದಿಂದ ಜಾಗ ಹಿಡಿದಿಟ್ಟವರ ಪಕ್ಕ ಕೂತ ಹಾಗೆ.

ಸುತ್ತಿ ಮುಂದೆ ಬಂದು ನೋಡಿದೆ.
ಹಾಳಾದ್ದು, ಫೋರ್ಡು.

ಬೈದೆ. ಒಂದು ಗಳಿಗೆ ಬಾನೆಟ್ಟಿಗೆ ಕೈಯೂರಿ ನಿಂತೆ.
ಬೇರೆ ಏನಾದರೂ ಆಗಬಾರದಿತ್ತೇ,
ಆ ಮೇಷ್ಟ್ರ ಟೊಯೋಟಾ ಆದರೂ.
ಆದರೆ ಭುಜಕ್ಕೆ ಗೊತ್ತಿದ್ದದ್ದು ಭುಜಕ್ಕೆ ಗೊತ್ತು.
ರುಜು ಹಾಕಿದೆ. ನನ್ನದೇ ಹೆಸರು,
ಟ್ವೆಯ್ಟ್ ಎಂದೇ ಬರೆದೆ.

ಅತ್ತೆ ಹಿಗ್ಗಿ ಹೀರೇಕಾಯಿ.
ತಮ್ಮ ಭಾನುವಾರ ಬಂದ. ಮಾತಿಲ್ಲ.
ಒಂದು ಸುತ್ತು ಬಂದು ಟೈರು ಒದ್ದ,
ಅಡಿಯಲ್ಲಿ ಬಗ್ಗಿ ತುಕ್ಕು ಕೆರೆದು ನೋಡಿದ,
ಉಗುರು ಒರೆಸಿಕೊಂಡ.

‘ಕೊಟ್ಟಿಗೆ ಹಿಂದೆ ನಿಲ್ಲಿಸಲಾ?’ ನಾನೇ ಕೇಳಿದೆ.

‘ಬೇಡ’ ಅಂದ,
‘ಅಲ್ಲಿ ಹಿಮ ಜಾಸ್ತಿ.’