ಗಾಜಿನ ಮೇಲೆ ಎರಡು ಬೆರಳು

ಬೈತಖೋಲದ ದಿಬ್ಬದ ಬುಡಕ್ಕೆ ನಮ್ಮ ಔಷಧಿ ಅಂಗಡಿ.
ಷಟರು ಎತ್ತುವ ಮೊದಲೇ
ಹರಾಜಿನ ಕೂಗು ಒಳಗೆ ಬಂದಿರುತ್ತದೆ.

ಶೇವಂತಿ ಬಂದಳು, ಬಲಗೈ ಸೆರಗಲ್ಲಿ ಸುತ್ತಿಕೊಂಡು.
ಶಾಂಗಟೆ ಮೀನಿನ ಮುಳ್ಳು ಚುಚ್ಚಿ ಐದು ದಿನ;
ಹೆಬ್ಬೆರಳು ಬೆಂದ ಗೆಣಸಿನ ಹಾಗೆ.
ಎಡಗೈಯಲ್ಲಿ ಡಾಕ್ಟರ ಚೀಟಿ, ಅಂಚು ಒದ್ದೆ:
ಸಿಪ್ರೊಫ್ಲಾಕ್ಸಸಿನ್, ದಿನಕ್ಕೆರಡು, ಏಳು ದಿನ.

"ಇದು ಕೀವಿಗಾಯ್ತು. ನೋವಿಗೆಂತ?
ಆ ಕೇಸರಿ ಗುಳಿಗೆ ಕೊಡು ಬಾಯಿ,
ಹೋದ್ಸಲ ಸೊಂಟಕ್ಕೆ ತಕಂಡಿದ್ದೆ."

ಐಬುಪ್ರೊಫೆನ್. ಡಬ್ಬಿಗೆ ಹೋದ ಕೈ ಅಲ್ಲೇ ನಿಂತಿತು.
ಬೇರೆ ಬೇರೆ ಇದ್ದಾಗ ಬಹುಪಾಲು ಸಾಧು ಇವೆರಡೂ;
ಒಂದೇ ಹೊಟ್ಟೆಗೆ ಬಿದ್ದರೆ
ಕೆಲವರ ತಲೆಯೊಳಗೆ ದೀಪ ಮಿನುಗಿ
ಮೈ ಸೆಟೆಯುವುದುಂಟು.
ಕೆಲವರಿಗೆ ಮಾತ್ರ.
ಆ ಕೆಲವರು ಯಾರೆಂದು ಕೇಳದೆ ತಿಳಿಯುವುದಿಲ್ಲ.

ಕೇಳಿದೆ, ದಿನಾ ಕೇಳುವ ದನಿಯಲ್ಲೇ:
"ಮೊದಲು ಯಾವಾಗಾದರೂ ಫಿಟ್ಸ್ ಬಂದದ್ದುಂಟಾ?"

"ಇಲ್ಲ!"
ಇಸ್ವಣದ ದರ ಕೂಗುವ ಅದೇ ಗಂಟಲು.
ಹಿಂದೆ ಮೆಟ್ಟಿಲ ಮೇಲೆ ನಾದಿನಿ,
ಬುಟ್ಟಿ ಸೊಂಟಕ್ಕೆ, ಕಿವಿ ಇತ್ತ.

ಆದರೆ ಗಾಜಿನ ಮೇಲೆ ಶೇವಂತಿಯ ಎಡಗೈ
ಎರಡು ಬೆರಳು ಚಾಚಿತು,
ಮಡಚಿತು.
ಎರಡು ಸಲವೋ, ಎರಡನೇ ಕ್ಲಾಸಿನಲ್ಲೋ,
ಬಿಡಿಸಿ ಕೇಳಲಿಲ್ಲ.
ಹದಿನೆಂಟು ವರ್ಷದ ಸಂಸಾರ
ಆ ಬೆರಳುಗಳ ಮರೆಯಲ್ಲಿ ನಿಂತಿತ್ತು.

ಒಳಗೆ ಹೋಗಿ ಡಾಕ್ಟರಿಗೆ ಫೋನು ಹಚ್ಚಿದೆ,
ಫ್ರಿಜ್ಜಿನ ಗುಂಯ್ ಸದ್ದಿನಲ್ಲಿ ದನಿ ಅಡಗಿಸಿ.
ಅವರೂ ಒಂದು ಗಳಿಗೆ ಸುಮ್ಮನಿದ್ದರು.
"ನನಗೆ ಹೇಳಲಿಲ್ಲ ಆಕೆ.
ಹಾಗಾದರೆ ಸಿಪ್ರೊನೂ ಬೇಡ,"
ಬೇರೆ ಹೆಸರು ಬರೆಸಿದರು.

ಹೊಸ ಗುಳಿಗೆ. ನೋವಿಗೆ ಪ್ಯಾರಾಸಿಟಮಾಲ್,
ಅದನ್ನೂ ಎಣಿಸಿ, ಹರಿದು ಕೊಟ್ಟೆ.
ಗಡಿಯಾರ ನೋಡದವಳಿಗೆ
ಹೊತ್ತನ್ನು ಅವಳ ದಿನದಿಂದಲೇ ಕಡ ತರಬೇಕು:
"ಹರಾಜಿಗೆ ಹೊರಡೋ ಮೊದಲು, ಗಂಜಿ ಉಂಡು, ಒಂದು.
ಮಧ್ಯಾಹ್ನ ಬುಟ್ಟಿ ಬರಿದಾಗಿ ಬಂದ ಮೇಲೆ ಒಂದು.
ರಾತ್ರಿ ನೋವಿದ್ದರೆ ಮಾತ್ರ.
ಮನೆಯಲ್ಲಿ ಶೀತದ ಗುಳಿಗೆ ಉಂಟಲ್ಲ, ಮುಟ್ಟಬೇಡ,
ಅದರ ಹೊಟ್ಟೆಯಲ್ಲೂ ಇದೇ ಕೂತಿರ್ತದೆ.
ಕೀವಿನದ್ದು, ಬಾವು ಇಳಿದರೂ, ಕೊನೇ ಗುಳಿಗೆವರೆಗೆ."

"ಅಷ್ಟೊತ್ತು ಎಂತದು ಅತ್ತಿಗೆ?"
"ಚಿಲ್ಲರೆ ಇರ್ಲಿಲ್ಲ ಇವರ ಹತ್ರ."
ನನ್ನ ಗಲ್ಲಾಪೆಟ್ಟಿಗೆ ತುಂಬ ನಾಣ್ಯ.

ಸಂಜೆ ರಿಜಿಸ್ಟರು ತೆಗೆದೆ.
ಔಷಧಿ ಬದಲು, ಡಾಕ್ಟರ ಮಾತಿನಂತೆ.
ಕಾರಣ ಎಂಬ ಕಾಲಮ್ಮಿನಲ್ಲಿ ಪೆನ್ನು ಊರಿತು,
ಒಂದು ಚುಕ್ಕಿ ಬಿದ್ದಿತು, ಅಷ್ಟೆ.

ಅವಳ ಬೆರಳಿದ್ದ ಜಾಗದಲ್ಲಿ
ಮೀನಿನ ಹುರುಪೆಯೊಂದು ಗಾಜಿಗಂಟಿ ಒಣಗಿತ್ತು.
ಉಗುರಿನಿಂದ ಕೆರೆದೆ.