ಗೀರು

ಮೆಂಫಿಸ್ಸಿನ ದಕ್ಷಿಣಕ್ಕೆ, ರೈಲು ಹಳಿಯಾಚೆ ನಮ್ಮನೆ.
ಬೆಳಗಿನ ಆರೂಮುಕ್ಕಾಲಿಗೆ
ಟೈರು ಕಾರ್ಖಾನೆಯಿಂದ ಬರುತ್ತಿದ್ದ ಅಪ್ಪ.
ಬೂಟು ಬಿಚ್ಚುವ ಮೊದಲು, ಮುಖ ತೊಳೆಯುವ ಮೊದಲು,
ಸುಟ್ಟ ರಬ್ಬರು ನಾರುವ ಬೆರಳಲ್ಲಿ
ಮುಳ್ಳನ್ನೆತ್ತಿ ಕರಿ ತಟ್ಟೆಯ ಅಂಚಿಗಿಡುತ್ತಿದ್ದ,
ಜ್ವರದ ಮಗುವಿನ ಹಣೆ ಮುಟ್ಟುವ ಹಾಗೆ.

ಮೊದಲು ಬಾಣಲೆಗೆ ಮೀನು ಬಿದ್ದ ಸದ್ದು.
ಆಮೇಲೆ ಆರ್ಗನ್.
ಆಮೇಲೆ ಕ್ಲಿಯೋಥಾ ಮೇಬ್ರಿ
ಉಸಿರೆಳೆದುಕೊಳ್ಳುವುದು.
ಹಾಡಲ್ಲ ಇನ್ನೂ, ಬರೀ ಉಸಿರು,
ಬಾವಿಗೆ ಕೊಡ ಇಳಿಬಿಟ್ಟಂತೆ;
ನೀರು ಮುಟ್ಟುವ ತನಕ ಮನೆಯೆಲ್ಲ ಕಾಯಬೇಕು.

'ಬಾಗಿಲು ಹಾಕಬೇಡ' ಅಂತ ಅವನ ಹಾಡು.
ನಮ್ಮ ತಟ್ಟೆಗೊಂದು ಗೀರಿತ್ತು.
ನಾನೇ ಎಳೆದದ್ದು, ನಾಲ್ಕು ವರ್ಷದವಳು, ಹೇರ್‌ಪಿನ್ನಿನಿಂದ,
ಒಳಗೆ ಕೂತವನನ್ನು ಹೊರಗೆ ತೆಗೆಯಲೆಂದು.
ಅಲ್ಲಿಂದಾಚೆ ನಮ್ಮನೆಗೆ ಬಾಗಿಲು ಪೂರ್ತಿ ಬರಲೇ ಇಲ್ಲ:
ಬಾ
ಬಾ
ಬಾ
ಅನ್ನುತ್ತ ಸಿಕ್ಕಿಕೊಳ್ಳುತ್ತಿತ್ತು ಮುಳ್ಳು.

ಅಪ್ಪ ಹೊಡೆಯಲಿಲ್ಲ.
ಕರೆಯುವಷ್ಟು ಕರೆಯಲಿ ಎಂದು ಬಿಟ್ಟು,
ಒಂದು ದಿನ ಮೂರು ಸಲ, ಒಂದು ದಿನ ಹದಿನೇಳು,
ಆಮೇಲೆ ಬೆರಳ ತುದಿಯಿಂದ ಮೆಲ್ಲಗೆ ತಟ್ಟುತ್ತಿದ್ದ.
'ಗಿಲು ಹಾಕಬೇಡ' ಎಂದು ಹಾಡು ಮುಂದಕ್ಕೆ ನಡೆಯುತ್ತಿತ್ತು
ಏನೂ ಆಗದವರ ಹಾಗೆ.
ಅಮ್ಮ ಡೆಟ್ರಾಯಿಟ್ ಬಸ್ಸು ಹತ್ತಿ ಎರಡು ಚಳಿಗಾಲ.
ಯಾರನ್ನು ಕರೆಯುತ್ತಾನಪ್ಪಾ ಅವನು, ಅಂದರೆ
'ಕಾಫಿ ಆರಿತು' ಅನ್ನುತ್ತಿದ್ದ.

ನಾವು ಕಲಿತದ್ದೇ ಹಾಗೆ, ಗೀರಿನ ಸಮೇತ.
ತಮ್ಮ ಎಝ್ರಾ ಗ್ಯಾರೇಜಿನಲ್ಲಿ ನಟ್ಟು ಬಿಗಿಯುವಾಗ
ತಿರುವಿಗೊಂದು ಬಾ.
ಆ ತಟ್ಟೆಯನ್ನೇ ಕಾಣದ ನನ್ನ ಮಗಳು ಜೆನೀವಾ
ಕೂಸನ್ನು ಮಲಗಿಸುತ್ತ ಅಲ್ಲೇ ತಡವರಿಸುತ್ತಾಳೆ,
ತೊಡೆಯ ಮೇಲೆ ಬೆರಳು ತಟ್ಟಿ ದಾಟುತ್ತಾಳೆ.

ಅಪ್ಪನ ಪೆಟ್ಟಿಗೆ ಚರ್ಚಿನಲ್ಲಿಟ್ಟ ದಿನ
ಯಾರೋ ಫೋನಿನಲ್ಲಿ ಅದೇ ಹಾಡು ಹಾಕಿದರು.
ತೊಳೆದ ಗಾಜಿನಂಥ ದನಿ, ಗೀರಿಲ್ಲ, ಮೀನಿಲ್ಲ.
ಬಾಗಿಲು ಒಂದೇ ಸಲಕ್ಕೆ ಬಂತು, ಹೋಯಿತು.
ಮೊದಲ ಸಾಲಿನಲ್ಲಿ ಕೂತ ನಮ್ಮೆಲ್ಲರ ತೋರುಬೆರಳು
ಗಾಳಿಯಲ್ಲೇ ಉಳಿದವು,
ತಟ್ಟಲು ಜಾಗವಿಲ್ಲದೆ.

ಒಂಬತ್ತು ದಿನ ಕಳೆದು ಕೆಲಸಕ್ಕೆ ಹೋದೆ.
ಶಾಲೆಯ ಬಸ್ಸು ಓಡಿಸುವವಳು ನಾನು, ಅಲ್ಲೇ ನನ್ನ ಊಟ.
ಬಡಿಸುವ ಕಟ್ಟೆಯ ಹಿಂದೆ ಹೊಸ ಮುದುಕ,
ಕಾಗದದ ಟೋಪಿ, ಕೈಯಲ್ಲಿ ಬಟಾಣಿಯ ಸೌಟು.
'ಇನ್ನೊಂಚೂರು?' ಅಂದ, ಅಷ್ಟೇ.
ಅದಕ್ಕೂ ಮೊದಲು
ಆ ಉಸಿರು.
ತಟ್ಟೆ ಹಿಡಿದು ನಿಂತೇಬಿಟ್ಟೆ.

ಸಾಲು ನಿಲ್ಲಿಸದೆ, ಬಡಿಸುತ್ತಲೇ ಹೇಳಿದ:
'ಹೆಣ್ಣಿಗಾಗಿ ಹಾಡಿದ್ದು ಅಂದುಕೊಂಡರು ಎಲ್ಲ.
ನನ್ನಪ್ಪ ಪಾದ್ರಿ. ಅವನ ಚರ್ಚಿನ ರಾಗವನ್ನು ಬೀದಿಗೊಯ್ದೆ,
ಪ್ರಭುವೇ ಅಂತಿದ್ದಲ್ಲಿ ಚಿನ್ನಾ ಅಂತಿಟ್ಟೆ.
ಎರಡಕ್ಕೂ ಗಂಟಲಲ್ಲಿ ಒಂದೇ ಜಾಗ ನೋಯುತ್ತದೆ,
ನಾನೇನು ಮಾಡಲಿ.
ಅವನು ಒಳಗಿಂದ ಚಿಲಕ ಹಾಕಿದ.
ಅವನ ಹೆಣ ಹೊರುವಾಗಲೂ
ನಾನು ಬೀದಿಯ ಆ ಬದಿಗೆ.'

ನಾನು ಗೀರಿನ ಕತೆ ಹೇಳಿದೆ.
ನಕ್ಕ. ನಗುತ್ತ ಸೌಟು ಕೆಳಗಿಟ್ಟ.
'ಬಾ ಅಂತಲೇ?'
'ಬಾ ಅಂತ.'
'ಎಷ್ಟು ಸಲ?'
'ಒಂದು ದಿನ ಹದಿನೇಳು.'

ಹಿಂದಿನ ಹುಡುಗ ತಟ್ಟೆ ಕುಟ್ಟಿದ, ಅವನ ಹಸಿವು ಅವನಿಗೆ.
ಮುದುಕ ಟೋಪಿ ತೆಗೆದು ಅದರಲ್ಲೇ ಮುಖ ಒರೆಸಿಕೊಂಡ.
ಮತ್ತೆ ಸೌಟು ಹಿಡಿದು ನನ್ನ ತಟ್ಟೆಗೆ
ಬಟಾಣಿ ಹಾಕಿದ, ಹಾಕಿದ, ಹಾಕಿದ,
ಅಂಚು ದಾಟಿ ನೆಲಕ್ಕುರುಳುವಷ್ಟು.