ಸೋರಿಕೆ

ನನಗ ನಾಕು ಭಾಷಿ ಬರತಾವ,
ನಾಕರಾಗೂ ಮೊದಲು ಬಂದದ್ದು ಬೈಗುಳನ.
ಸಿಂಧನೂರ ಕೆಳಗ ತೂಬಿನ ಗೇಟು ತಿರುವೋ ನೌಕರಿ.
ಅರ್ಧ ಇಂಚು ಎತ್ತಿದ್ರ ಕೆಳಗಿನವರು ಸುಮ್ಮಕಿರತಾರ,
ಮ್ಯಾಲಿನವರು ನನ್ನ ಮನಿತನಾನ ಎತ್ತತಾರ.

ತೆಲುಗಿನಾಗ ಬೈದ್ರ ಮೊದಲು ತಾಯಿ ಬರತಾಳ.
ತಾಂಡಾದ ಬೈಗುಳಕ್ಕ ರಾಗ ಐತಿ, ತಾಳ ಹಾಕಬೇಕನಸತೈತಿ.
ಬಂಗಾಳಿ ಕ್ಯಾಂಪಿನವರು ಬೈಯೋದು
ಆರು ತಿಂಗಳು ನನಗ ಪ್ರಾರ್ಥನಿ ಅನಿಸಿತ್ತು,
ಕೈ ಮುಗೀತಿದ್ದೆ.
ಕನ್ನಡದ್ದು ಮಾತ್ರ ನೆಟ್ಟಗ ಎಲುಬಿಗೆ ಹೋಗಿ ಕೂಡತೈತಿ,
ಅದು ನಮ್ಮವ್ವಂದು.

ಶೈಲಬಾಲಾ ಮುದುಕಿ ಒಬ್ಬಾಕಿ ಬೈದಾಕಿ ಅಲ್ಲ.
ಮೀನಿನ ಬುಟ್ಟಿ ಇಳಿಸಿ ಕಟ್ಟಿ ಮ್ಯಾಲೆ ಕುಂತು
ಗೇಟಿನ ಸರಪಳಿ ಮುಟ್ಟಿ ಕೇಳಿದ್ಲು:
"ನೀರಿಗೆ ಕೀಲಿ ಹಾಕ್ತೀರಿ ನೀವು?"
ಅಕಿ ಊರಾಗ ಮಗ್ಗಲ ಮನಿಗೆ ಉಪ್ಪು ಕೇಳಾಕ
ದೋಣಿ ಬೇಕಂತ.
ಆ ಊರು ಈಗ ಬ್ಯಾರೆ ದೇಶದಾಗ ಐತಿ,
ದೋಣಿ ಏನಾತೋ ಅಕಿಗೂ ಗೊತ್ತಿಲ್ಲ.
ಸೆರಗಿನ ಗಂಟು ಬಿಚ್ಚಿ ಮುಡಿ ಅಂದ್ಲು, ಮಂಡಾಳು ಅಂದೆ.
ಸಾಸಿವಿ ಎಣ್ಣಿ ಕಲಿಸಿದ್ಲು, ಮೂಗಿನಾಗ ಬೆಂಕಿ ಬಿತ್ತು,
ನಕ್ಕಳು, ಹಲ್ಲಿಲ್ಲದ ಬಾಯಿ ತುಂಬ.
"ನಾ ಸತ್ತ ದಿನ ಕೀಲಿ ಗೀಲಿ ಅನಬ್ಯಾಡ ನೀ."
ಆಗಲೆವ್ವ ಅಂದಿದ್ದೆ. ಮಾತಿಗೆ ಅಂತೀವಲ್ಲ, ಹಂಗ.

ಮಾಘದಾಗ ಸತ್ಲು.
ಮೂರನೇ ರಾತ್ರಿ ಹನ್ನೊಂದಕ್ಕ ಮಗ ನಿರಂಜನ ಬಂದ,
ಗಡಿಗಿ ಬಾಯಿಗೆ ಗಮಚಾ ಕಟ್ಟಿಕೊಂಡು.
ಏನೂ ಮಾತಾಡದ ಒಣ ಕಾಲುವಿ ನೋಡಿಕೋತ ನಿಂತ.

ಪಾಳಿ ಪೂರ್ಣಚಂದ್ರರಾಯಂದು, ನಾಟಿ ಹಚ್ಚಿ ಮೂರು ದಿನ.
ಅವರಪ್ಪ ಗುಂಟೂರಿಂದ ಬಂದಾಗ ಇಲ್ಲಿ ಬರೇ ಜಾಲಿ ಇತ್ತಂತ,
ದಿನಾ ಹೇಳತಾನ.
ಆ ಜಾಲಿ ನಮ್ಮಪ್ಪಂದು. ಅದನ್ನ ಯಾರೂ ಕೇಳಂಗಿಲ್ಲ,
ನಾನೂ ಹೇಳಂಗಿಲ್ಲ.

ಹೊಳಿಗೆ ಹೋಗಪಾ ಅನ್ನಬಹುದಿತ್ತು.
ಅನ್ನಾಕ ಬಾಯಿ ತಗದೆ, ಸಾಸಿವಿ ವಾಸನಿ ಬಂತು.

ಫೋನ್ ಹಚ್ಚಿದೆ. ರಾಯ ನಿದ್ದಿಗಣ್ಣಾಗ
ಪದ್ಧತಿ ಪ್ರಕಾರ ನನ್ನ ತಾಯಿಂದ ಶುರು ಮಾಡಿದ,
ಅರ್ಧಕ್ಕ ನಿಂತ.
"ಆ ಚೇಪಲ ಮುಸಲಮ್ಮಾ?"
ಆಮ್ಯಾಲೆ ಬರೇ ಉಸಿರು.
"ಎಂತಸೇಪು?"
ಒಂದು ತಾಸು, ಅಂದೆ.
ಹೂಂ ಅನಲಿಲ್ಲ, ಬ್ಯಾಡ ಅನಲಿಲ್ಲ.
ಹತ್ತು ನಿಮಿಷಕ್ಕ ಬೈಕು ಬಂತು, ಬನೀನಿನ ಮ್ಯಾಲೆ ಬಂದಿದ್ದ.
ಬ್ಯಾಟರಿ ನನ್ನ ಕೈಗೆ ಕೊಟ್ಟು
ಚಪ್ಪಲಿ ಬಿಟ್ಟು ದೂರ ನಿಂತ.

ಗೇಟು ಕಿರುಗುಟ್ಟಿತು. ನೀರು ಮೊದಲು ಕಸ ತಂತು,
ಪ್ಲಾಸ್ಟಿಕ್ ಬಾಟ್ಲಿ, ಯಾರದೋ ಎಡಗಾಲಿನ ಕೆರ,
ಆಮ್ಯಾಲೆ ತಿಳಿ ಆತು.
ನಿರಂಜನ ಮಣಕಾಲಮಟ ಇಳಿದು ಗಡಿಗಿ ಬಗ್ಗಿಸಿದ.
ಬೂದಿ ನಿಂತಲ್ಲೇ ಒಂದೀಟು ತಿರುಗಿ
ದಾರಿ ಗೊತ್ತಿದ್ದವರಂಗ ಕೆಳಾಕ ಹೋತು.

ಕೆಳಗ ಸೋಮ್ಲಿಬಾಯಿ ಎಚ್ಚರಿದ್ಲು.
ರಾತ್ರಿ ನೀರು ಬಂದ್ರ ಯಾವಾಕಿ ಬಿಡತಾಳ?
ಒಡ್ಡು ಹಾಕಿ ಅಷ್ಟೂ ಮೆಣಸಿನ ಹೊಲಕ್ಕ ತಿರುವಿಕೊಂಡ್ಲು.
ಬೆಳಿಗ್ಗೆ ಹೇಳಿದ್ರ
ಸಲಿಕಿ ಮ್ಯಾಲೆ ಗದ್ದ ಇಟ್ಟು ಬಾಳ ಹೊತ್ತು ನಿಂತು,
"ಮೀನಿನ ಬಾಕಿ ಇತ್ತು, ನೂರಾ ನಲವತ್ತು.
ವಸೂಲಿಗೆ ಬಂದಾಳ," ಅಂದ್ಲು.
ಆ ಮಡಿಯಾಗ ಅವತ್ತು ಕಾಲಿಡಲಿಲ್ಲ.

ಮುಂದಿನ ವಾರ ಅದೇ ಸೋಮ್ಲಿ, ಅದೇ ರಾಯ,
ಅರ್ಧ ಇಂಚಿಗೆ ನನ್ನ ಹರಕೊಂಡು ತಿಂದ್ರು.
ನಿರಂಜನನೂ ಬೈದ. ಈಗ ನನಗ ಅರ್ಥ ಆಕ್ಕೈತಿ.

ವಹಿಯಾಗ ಹನ್ನೊಂದೂವರಿಯಿಂದ ಹನ್ನೆರಡೂವರಿ
ಯಾರ ಹೆಸರಿಗೆ ಬರೀಲಿ?
ಮೂರು ಸಲ ಪೆನ್ನು ಎತ್ತಿಟ್ಟು
"ಸೋರಿಕೆ" ಅಂತ ಬರದೆ.

ಸಾಹೇಬರು ಸಿಮೆಂಟ್ ಚೀಲ ಹೊರಿಸಿಕೊಂಡು ಬಂದ್ರು:
ಎಲ್ಲೈತಿ ಹುಲಿಗೆಪ್ಪ, ತೋರಿಸು, ಮುಚ್ಚೋಣ.
ಉರಿಬಿಸಿಲಾಗ ಕಾಲುವಿ ದಂಡಿ ಹಿಡದು
ಸಂಜಿಮಟ ಅಡ್ಡಾಡಿಸಿದೆ.
ಸಿಗಲಿಲ್ಲ.